ಕ್ಯಾಂಪಿನ ಮನೆಗಳು



ಕೆಲವು ದಿನಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಗ್ಲೆಂಡಿನಿಂದ ದೂರವಾಣಿ ಮಾಡಿದ್ದ. ಹೆಸರು ಬೇಡ. ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ನನ್ನ ಬಳಿ ಓದಿ 1979ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ ತಂಡದವರಿಗೆ ಅವನು ಯಾರೆಂಬುದು ಊಹೆಯಾಗುತ್ತದೆ. ಯೋಗಕ್ಷೇಮವೆಲ್ಲ ಮುಗಿದ ಮೇಲೆ ಅವನು ಹೇಳಿದ ಮಾತು ಇದು: "ಮೇಷ್ಟ್ರೇ, ನಮ್ಮೂರಿನ ಒಂದು ಹೋಟೆಲಿನಲ್ಲಿ ಇಲ್ಲಿನ ಸರ್ಕಾರ ಆಶ್ರಯ ಕೇಳಿಕೊಂಡು ಬಂದವರನ್ನು ಇರಿಸಿದೆ. ಶನಿವಾರ ಬಂತೆಂದರೆ ಅದರ ಮುಂದೆ ಜನ ಸೇರಿ ಕೂಗುತ್ತಾರೆ. ನಾನೂ ಹೊರಗಿನಿಂದ ಬಂದವನೇ, ಆದರೆ ಇಪ್ಪತ್ತೈದು ವರ್ಷದಿಂದ ತೆರಿಗೆ ಕಟ್ಟುತ್ತಿದ್ದೇನೆ. ಯಾವ ಕಡೆ ನಿಲ್ಲಬೇಕೋ ತಿಳಿಯುತ್ತಿಲ್ಲ. ನಮ್ಮ ಬೈಲಕುಪ್ಪೆಯಲ್ಲಿ ಇಂಥದ್ದೆಲ್ಲ ಆಗಲೇ ಇಲ್ಲವಲ್ಲ, ಯಾಕೆ?"

ಇತಿಹಾಸದ ಮೇಷ್ಟರಿಗೆ ಇಂಥ ಪ್ರಶ್ನೆ ಕೇಳಬಾರದು, ಕೇಳಿದರೆ ಉತ್ತರ ಉದ್ದವಾಗುತ್ತದೆ. ಅಂದು ದೂರವಾಣಿಯಲ್ಲಿ ಏನೋ ನಾಲ್ಕು ಮಾತು ಹೇಳಿ ಮುಗಿಸಿದೆ. ಆಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಅವನ ಪ್ರಶ್ನೆಯಲ್ಲೇ ಒಂದು ತಪ್ಪು ತಿಳಿವಳಿಕೆ ಇದೆ, ಅದನ್ನು ತಿದ್ದದೆ ಬಿಟ್ಟೆನಲ್ಲ ಎಂದು ಕೊರೆಯುತ್ತಿತ್ತು. ಆದ್ದರಿಂದ ಈ ಬರಹ.

ನಾನು ಮೊಟ್ಟಮೊದಲು ಟಿಬೆಟಿನ ಜನರನ್ನು ಕಂಡಾಗ ನನಗೆ ಹದಿಮೂರು ವರ್ಷ. ಹುಣಸೂರಿನಲ್ಲಿ ನಮ್ಮ ಮನೆಯ ಮುಂದಿನ ರಸ್ತೆಯಲ್ಲಿ, ಚಳಿಗಾಲದ ಒಂದು ಬೆಳಿಗ್ಗೆ, ಲಾರಿಗಳ ತುಂಬ ಜನ ಮಡಿಕೇರಿ ದಿಕ್ಕಿಗೆ ಹೋದರು. ಗಂಡಸರಿಗೂ ಉದ್ದ ಜಡೆ, ಮೊಣಕಾಲಿನವರೆಗೆ ದಪ್ಪ ಬೂಟು, ಮೈತುಂಬ ಕಂಬಳಿಯಂಥ ಉಡುಪು. ನಾವು ಹುಡುಗರು ಲಾರಿಯ ಹಿಂದೆ ಓಡಿದೆವು. ನಮ್ಮ ಅಜ್ಜಿ ಜಗುಲಿಯ ಮೇಲೆ ಕುಳಿತು, "ಇವರನ್ನು ಎಲ್ಲಿ ಮಲಗಿಸುತ್ತಾರಂತೆ?" ಎಂದು ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಅವರು ಯಾರು, ಯಾಕೆ ಬಂದರು ಎಂದು ಅಜ್ಜಿ ಕೇಳಲಿಲ್ಲ.

ಅವರು ಯಾರೆಂಬುದು ನಿಮಗೆ ಪಾಠದಲ್ಲಿ ಹೇಳಿದ್ದೇನೆ. 1959ರ ಮಾರ್ಚ್ 17ರ ರಾತ್ರಿ ದಲಾಯಿ ಲಾಮಾ ಅವರು ಲ್ಹಾಸಾ ಬಿಟ್ಟರು. ಮಾರ್ಚ್ 31ರಂದು ತವಾಂಗಿನ ಕಡೆಯಿಂದ ಭಾರತದ ಗಡಿ ದಾಟಿದರು. ಅವರ ಹಿಂದೆಯೇ ಸುಮಾರು 80,000 ಮಂದಿ ಬಂದರು. ಗಡಿಯಲ್ಲಿ ಬಂದು ನಿಂತವರಿಗೆ ಊಟ, ಔಷಧ, ತಲೆಯ ಮೇಲೊಂದು ಸೂರು, ಇಷ್ಟನ್ನು ಕೆಲವೇ ವಾರಗಳಲ್ಲಿ ಒದಗಿಸಬೇಕಾಯಿತು. ಅಸ್ಸಾಮಿನ ತೇಜ್‌ಪುರದ ಬಳಿ ಮಿಸಾಮಾರಿ ಎಂಬಲ್ಲಿ ಬಿದಿರಿನ ಗುಡಿಸಲುಗಳನ್ನು ಸಾಲುಸಾಲಾಗಿ ಎಬ್ಬಿಸಿದರು. ಸರ್ಕಾರಿ ಕಾಗದದಲ್ಲಿ ಅದಕ್ಕೆ 'ಟ್ರಾನ್ಸಿಟ್ ಕ್ಯಾಂಪ್' ಎಂದು ಹೆಸರು, ಎಂದರೆ ಹಾದುಹೋಗುವ ತಂಗುದಾಣ. ಈ ಪದವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಹಿಮದ ನಾಡಿನವರು ಅಸ್ಸಾಮಿನ ಬೇಸಿಗೆಯ ಬೇಗೆಗೂ ಮಳೆಗಾಲದ ಜ್ವರಕ್ಕೂ ಸಿಕ್ಕಿದರು. ದಾರಿಯಲ್ಲಿ ಬದುಕಿ ಉಳಿದ ಎಷ್ಟೋ ಮಂದಿ ಆ ಗುಡಿಸಲುಗಳಲ್ಲಿ ತೀರಿಕೊಂಡರು.

ವಿದ್ಯಾಭ್ಯಾಸ ಮುಂದುವರಿಸಬೇಕಾದ ಸನ್ಯಾಸಿಗಳನ್ನು, ಸುಮಾರು 1,500 ಮಂದಿಯನ್ನು, ಪಶ್ಚಿಮ ಬಂಗಾಳದಲ್ಲಿ ಭೂತಾನ್ ಗಡಿಯ ಬಕ್ಸಾ ಕೋಟೆಗೆ ಕಳುಹಿಸಿದರು. ಬ್ರಿಟಿಷರ ಕಾಲದಲ್ಲಿ ಅದು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಸೆರೆಮನೆ. ಹೊಸ ಕಟ್ಟಡ ಕಟ್ಟಲು ಸಮಯವಿಲ್ಲದಿದ್ದಾಗ ಸರ್ಕಾರಗಳ ಕೈಗೆ ಮೊದಲು ಸಿಕ್ಕುವುದು ಹಳೆಯ ಸೆರೆಮನೆ, ಹಳೆಯ ಸೇನಾ ಶಿಬಿರ, ಹಳೆಯ ಆಸ್ಪತ್ರೆ. ಇದು ಎಲ್ಲ ದೇಶಗಳಲ್ಲೂ ನಡೆದು ಬಂದಿದೆ. ಆ ತಂಪು ಗೋಡೆಗಳ ನಡುವೆ, ಕಿಕ್ಕಿರಿದ ಕೋಣೆಗಳಲ್ಲಿ ಅವರು ನ್ಯಾಯಶಾಸ್ತ್ರ ಓದಿದರು, ವಾದ ಮಾಡಿದರು. ಜೊತೆಗೆ ಕ್ಷಯರೋಗವೂ ಹಬ್ಬಿತು. ಹತ್ತು ವರ್ಷ ಹೀಗೆ ನಡೆಯಿತು. ಇಂದು ಮುಂಡಗೋಡಿನಲ್ಲಿರುವ ಗಾಂದೆನ್, ದ್ರೆಪುಂಗ್ ಮಠಗಳೂ ಬೈಲಕುಪ್ಪೆಯ ಸೆರಾ ಮಠವೂ 1970ರ ಆಸುಪಾಸಿನಲ್ಲಿ ಆ ಕೋಟೆಯಿಂದ ಹೊರಬಂದವರಿಂದಲೇ ಮತ್ತೆ ಎದ್ದು ನಿಂತವು. ಚಿನ್ನದ ಬಣ್ಣದ ದೇವಾಲಯ ನೋಡಲು ಮಕ್ಕಳನ್ನು ಕರೆದುಕೊಂಡು ಬೈಲಕುಪ್ಪೆಗೆ ಹೋಗುವಾಗ ಅವರಿಗೆ ಇದನ್ನೂ ಸ್ವಲ್ಪ ಹೇಳಿರಿ.

ಉಳಿದವರಲ್ಲಿ ಹೆಚ್ಚಿನವರು ಹಿಮಾಲಯದ ಇಳಿಜಾರುಗಳಲ್ಲಿ ರಸ್ತೆ ಕಡಿಯುವ ಕೂಲಿಗಳಾದರು. ರಸ್ತೆ ಮುಂದೆ ಹೋದಂತೆ ಗುಡಾರವೂ ಮುಂದೆ ಹೋಗಬೇಕು. ಅಂಥ ವಸತಿಯಲ್ಲಿ ಮಕ್ಕಳು ಉಳಿಯುವುದು ಕಷ್ಟವೆಂದು ಕಂಡ ಮೇಲೆ 1960ರಲ್ಲಿ ಧರ್ಮಶಾಲಾದಲ್ಲಿ ದಲಾಯಿ ಲಾಮಾ ಅವರ ಅಕ್ಕ ಮಕ್ಕಳ ಆಶ್ರಯಧಾಮವನ್ನು ಆರಂಭಿಸಿದರು. ಅಷ್ಟು ಹೊತ್ತಿಗೆ ದೆಹಲಿಗೂ ಒಂದು ವಿಷಯ ಖಚಿತವಾಗಿತ್ತು: ಈ ಜನ ನಾಳೆ ನಾಡಿದ್ದು ಹಿಂದಿರುಗುವವರಲ್ಲ. ನೆಹರೂ ಅವರು ರಾಜ್ಯಗಳಿಗೆ ಪತ್ರ ಬರೆದು ಭೂಮಿ ಕೊಡಬಲ್ಲಿರಾ ಎಂದು ಕೇಳಿದರು. ಮೈಸೂರು ರಾಜ್ಯ ಮುಂದೆ ಬಂದು ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು.

ಇಲ್ಲಿ ಒಂದು ಸಣ್ಣ ತಕರಾರು. ಈ ಔದಾರ್ಯದ ಕೀರ್ತಿಯನ್ನು ಎಲ್ಲರೂ ಎಸ್. ನಿಜಲಿಂಗಪ್ಪನವರಿಗೆ ಕೊಡುತ್ತಾರೆ, ದಲಾಯಿ ಲಾಮಾ ಅವರೂ ಬಹಿರಂಗವಾಗಿ ಅವರನ್ನೇ ನೆನೆಯುತ್ತ ಬಂದಿದ್ದಾರೆ. ಅವರ ಸ್ನೇಹ, ಸಹಾಯ ಎರಡೂ ನಿಜ, ಅದರಲ್ಲಿ ಸಂದೇಹವಿಲ್ಲ. ಆದರೆ ಮೊದಲ ತಂಡ, 600ಕ್ಕೂ ಹೆಚ್ಚು ಮಂದಿ, ಬೈಲಕುಪ್ಪೆಗೆ ಬಂದಿಳಿದದ್ದು 1960ರ ಡಿಸೆಂಬರಿನಲ್ಲಿ. 1958ರ ಮೇ ತಿಂಗಳಿಂದ 1962ರ ಮಾರ್ಚ್‌ವರೆಗೆ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿಯವರು. ನಿಜಲಿಂಗಪ್ಪನವರು ಮತ್ತೆ ಅಧಿಕಾರಕ್ಕೆ ಬಂದದ್ದು 1962ರ ಜೂನ್‌ನಲ್ಲಿ. ಜಮಖಂಡಿಯ ಕಡೆಯ ಆ ಮೆದು ಮಾತಿನ ಮನುಷ್ಯನನ್ನು ಈ ಪ್ರಸಂಗದಲ್ಲಿ ಯಾರೂ ನೆನೆಯದಿರುವುದು ನನಗೆ ಸರಿಯೆನಿಸುವುದಿಲ್ಲ.

ವಿಷಯಕ್ಕೆ ಬರೋಣ. ಮನೆ ಕಟ್ಟಿ, ಬೀಗದ ಕೈ ಕೊಟ್ಟು ಅವರನ್ನು ಕರೆತಂದರೆಂದು ಯಾರೂ ತಿಳಿಯಬಾರದು. ಕೊಟ್ಟದ್ದು ಕಾಡು. ಬಂದವರು ಗುಡಾರಗಳಲ್ಲಿ, ಬಿದಿರಿನ ಗುಡಿಸಲುಗಳಲ್ಲಿ ಉಳಿದು ಮರ ಕಡಿದರು, ಬೇರು ಕಿತ್ತರು, ಬೆಂಕಿ ಹಚ್ಚಿದರು. ಆರಂಭದ ದಿನಗಳಲ್ಲಿ ಸರ್ಕಾರದ ಪಡಿತರವಿತ್ತು, ಕಾಡು ಕಡಿದ ಕೆಲಸಕ್ಕೆ ಕೂಲಿಯಿತ್ತು. ಬಾರ್ಲಿ ಬೆಳೆದವರಿಗೆ ರಾಗಿ ಗೊತ್ತಿಲ್ಲ, ಮುಸುಕಿನ ಜೋಳ ಗೊತ್ತಿಲ್ಲ. ಆನೆಗಳು ರಾತ್ರಿ ಬಂದು ಬೆಳೆಯನ್ನೂ ಗುಡಿಸಲನ್ನೂ ತುಳಿದವು. ಮೊದಲ ವರ್ಷಗಳಲ್ಲಿ ಅಳದ ಮನೆಯಿರಲಿಲ್ಲ ಎಂದು ಅಲ್ಲಿನ ಹಿರಿಯರೊಬ್ಬರು ನನಗೆ ಹೇಳಿದ್ದರು. ಆದರೂ ತಲೆಗೆ ಒಂದು ಎಕರೆಯಂತೆ ಹೊಲ ಅಳತೆಯಾಯಿತು, ಹೆಂಚಿನ ಮನೆಗಳು ಎದ್ದವು, ಶಾಲೆ ಬಂತು, ಆಸ್ಪತ್ರೆ ಬಂತು, ಸಹಕಾರ ಸಂಘ ಬಂತು. 1966ರಲ್ಲಿ ಮುಂಡಗೋಡು, 1969ರಲ್ಲಿ ಬೈಲಕುಪ್ಪೆಯ ಎರಡನೆಯ ವಸಾಹತು, 1970ರ ದಶಕದ ಮೊದಲ ಭಾಗದಲ್ಲಿ ಹುಣಸೂರಿನ ಗುರುಪುರ, ಕೊಳ್ಳೇಗಾಲದ ಒಡೆಯರಪಾಳ್ಯ, ಹೀಗೆ ಒಂದರ ಹಿಂದೊಂದು ಬಂದವು. ಈಗ ಗ್ರಾಮೀಣಾಭಿವೃದ್ಧಿಗೆ ಹೆಸರಾಗಿರುವ ಮೈರಾಡ ಸಂಸ್ಥೆ 1968ರಲ್ಲಿ ಹುಟ್ಟಿದ್ದೇ ಈ ಪುನರ್ವಸತಿಯ ಕೆಲಸಕ್ಕಾಗಿ.

ಇನ್ನು ನನ್ನ ವಿದ್ಯಾರ್ಥಿಯ ತಪ್ಪು ತಿಳಿವಳಿಕೆಗೆ ಬರುತ್ತೇನೆ. "ಇಂಥದ್ದೆಲ್ಲ ಆಗಲೇ ಇಲ್ಲ" ಎಂದನಲ್ಲ. ಬೀದಿಯಲ್ಲಿ ಘೋಷಣೆ ಕೂಗಲಿಲ್ಲ ನಿಜ, ಆದರೆ ಅಸಮಾಧಾನ ಇರಲಿಲ್ಲವೆ? ಅವನ ಸ್ವಂತ ಊರಿನ ರೈತರೊಬ್ಬರು ನನ್ನ ಎದುರಿಗೇ ಅಂದದ್ದು: "ನಮ್ಮಪ್ಪ ನಾಕೆಕರೆಗೆ ದರಖಾಸ್ತು ಹಾಕಿ ಸತ್ತೇ ಹೋದ ಮೇಷ್ಟ್ರೇ, ತಾಲ್ಲೂಕು ಕಚೇರಿ ಮೆಟ್ಲು ಸವೀತು. ಬೆಟ್ಟದಾಚೆಯಿಂದ ಬಂದೋರಿಗೆ ಕರೆದು ಕೊಟ್ರು." ನನ್ನಲ್ಲಿ ಉತ್ತರವಿರಲಿಲ್ಲ. ಅದಕ್ಕಿಂತ ನೋವಿನ ಸಂಗತಿ ಜೇನುಕುರುಬರದು. ಆ ಕಾಡಿನ ಸೆರಗಿನಲ್ಲೇ ಬದುಕಿದ್ದ ಅವರನ್ನು ನಾಗರಹೊಳೆಯ ಒಳಗಿಂದ 1970ರ ದಶಕದಿಂದ ಹೊರಹಾಕುತ್ತ ಬಂದರು. ಅವರಲ್ಲಿ ಅನೇಕರು ಕೊಡಗಿನ ತೋಟಗಳ ಲೈನ್ ಮನೆಗಳಲ್ಲಿ ಕೂಲಿಯಾಗಿ ಉಳಿದರು. ಪರದೇಶದವರಿಗೆ ಹೊಲ, ಮನೆ, ಶಾಲೆ, ಆಸ್ಪತ್ರೆಯ ನಕ್ಷೆ ಬರೆಯಲು ಬರುತ್ತಿದ್ದ ಆಡಳಿತಕ್ಕೆ ಸ್ವಂತ ಕಾಡಿನ ಮಕ್ಕಳಿಗೆ ಅದನ್ನೇ ಬರೆಯಲು ಯಾಕೆ ಬರಲಿಲ್ಲ? ಇದು ಟಿಬೆಟಿನವರ ತಪ್ಪಲ್ಲ. ಆದರೆ ಬೈಲಕುಪ್ಪೆಯನ್ನು ಹೊಗಳುವಾಗ ಈ ಪ್ರಶ್ನೆಯನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ.

ಕಾಲ ಕಳೆದಂತೆ ಅಸಮಾಧಾನ ಕರಗಿತು. ಕರಗಿಸಿದ್ದು ಭಾಷಣವಲ್ಲ, ವ್ಯವಹಾರ. ಅವರು ಜೋಳ ಮಾರಿದರು, ನಮ್ಮವರು ಕೊಂಡರು. ನಮ್ಮವರು ಅವರ ಹೊಲಕ್ಕೆ ಕೂಲಿಗೆ ಹೋದರು, ಕುಶಾಲನಗರದ ಅಂಗಡಿಯವರು ಅವರಿಗೆ ಸಾಲ ಕೊಟ್ಟರು. ಚಳಿಗಾಲದಲ್ಲಿ ಸ್ವೆಟರ್ ಮಾರಲು ಊರೂರಿಗೆ ಹೊರಟವರು ಕನ್ನಡ, ತಮಿಳು, ಮರಾಠಿ ಎಲ್ಲವನ್ನೂ ಕಲಿತರು. ನಮ್ಮ ಮನೆಯಲ್ಲಿ ಅಂಥ ಒಂದು ಕೆಂಪು ಸ್ವೆಟರನ್ನು ಮೂರು ಮಕ್ಕಳೂ ಒಬ್ಬರಾದ ಮೇಲೊಬ್ಬರು ಹಾಕಿಕೊಂಡರು.

1981ರ ಫೆಬ್ರವರಿಯಲ್ಲಿ ಜನಗಣತಿ. ಮೇಷ್ಟರುಗಳಿಗೆ ಗಣತಿದಾರರ ಕೆಲಸ ತಪ್ಪಿದ್ದಲ್ಲ. ನನ್ನ ಪಾಲಿಗೆ ಬಂದ ಬ್ಲಾಕಿನಲ್ಲಿ ವಸಾಹತಿನ ಒಂದು ಭಾಗವೂ ಸೇರಿತ್ತು. ಅಲ್ಲಿನ ಹಳ್ಳಿಗಳಿಗೆ ಟಿಬೆಟನ್ ಹೆಸರುಗಳಿದ್ದರೂ ನಮ್ಮ ಜನರ ಬಾಯಲ್ಲಿ ಅವು ಒಂದನೇ ಕ್ಯಾಂಪು, ಎರಡನೇ ಕ್ಯಾಂಪು ಎಂದೇ ಇದ್ದವು. ಈಗಲೂ ಹಾಗೆಯೇ. ಒಂದು ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿ, ಮೊಮ್ಮಗಳು. ಮೊಮ್ಮಗಳು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದಳು. ಹುಟ್ಟಿದ ಊರು ಕೇಳಿದೆ. ಅಜ್ಜಿ ಏನೋ ಹೇಳಿದರು. ನನಗೆ ಆ ಉಚ್ಚಾರಣೆ ಕನ್ನಡ ಅಕ್ಷರದಲ್ಲಿ ಕೂರಲಿಲ್ಲ. ಎರಡು ಸಲ, ಮೂರು ಸಲ ಕೇಳಿದೆ. ಕೊನೆಗೆ 'ಟಿಬೆಟ್' ಎಂದಷ್ಟೇ ಬರೆದುಕೊಂಡೆ. ಇಲ್ಲಿ ಎಷ್ಟು ವರ್ಷದಿಂದ ಇದ್ದೀರಿ ಎಂದರೆ ಮೊಮ್ಮಗಳು ಅಜ್ಜಿಯನ್ನು ಕೇಳದೆ ತಾನೇ ಲೆಕ್ಕ ಹಾಕಿ "ಇಪ್ಪತ್ತು" ಎಂದಳು. ಅಜ್ಜಿ ಬೆಣ್ಣೆ ಚಹಾ ಕೊಟ್ಟರು. ಉಪ್ಪಿನ ರುಚಿ, ಕುಡಿಯಲು ಕಷ್ಟವಾಯಿತು, ಕುಡಿದೆ. ಗೋಡೆಯ ಮೂಲೆಯಲ್ಲಿ ಒಂದು ಕಟ್ಟಿದ ಗಂಟು ಇತ್ತು. ಏನೆಂದು ನಾನು ಕೇಳಿರಲಿಲ್ಲ, ಹುಡುಗಿಯೇ ನಗುತ್ತ ಹೇಳಿದಳು: "ಅಜ್ಜಿ ಬಿಚ್ಚುವುದಿಲ್ಲ ಸಾರ್. ಹೋಗುವಾಗ ಸುಲಭವಾಗುತ್ತದಂತೆ."

ಆ ಗಂಟು ಅಜ್ಜಿಯ ಮನಸ್ಸಿನ ಮಾತು ಮಾತ್ರವಲ್ಲ, ಕಾಗದಪತ್ರದ ಮಾತೂ ಹೌದು. ಹೊಲವೂ ಮನೆಯ ಜಾಗವೂ ಅವರ ಹೆಸರಿಗೆ ಆಗಲಿಲ್ಲ. ಭೂಮಿ ಸರ್ಕಾರದ್ದು, ಅವರದು ಅನುಭೋಗ. ಪ್ರತಿಯೊಬ್ಬರೂ ನೋಂದಣಿ ಪ್ರಮಾಣಪತ್ರ ಇಟ್ಟುಕೊಂಡು ಕಾಲಕಾಲಕ್ಕೆ ನವೀಕರಿಸಬೇಕು. 2014ರ ಪುನರ್ವಸತಿ ನೀತಿಯಲ್ಲಿ ಗುತ್ತಿಗೆಯ ಅವಧಿಯನ್ನು 20 ವರ್ಷವೆಂದು ಸ್ಪಷ್ಟಪಡಿಸಿದರು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತದ ಪೌರರು ಎಂದು ಕಾನೂನಿನಲ್ಲಿದ್ದರೂ, ಅದು ಟಿಬೆಟಿನವರಿಗೂ ಅನ್ವಯಿಸುತ್ತದೆಂದು ಹೇಳಿಸಿಕೊಳ್ಳಲು 2010ರಲ್ಲಿ ದೆಹಲಿ, 2013ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದವರೆಗೆ ಹೋಗಬೇಕಾಯಿತು. ಅಂದು ಚಹಾದ ಬಟ್ಟಲು ಹಿಡಿದುಕೊಂಡು ಬಂದ ಆ ಮೊಮ್ಮಗಳು ಈಗ ಕೆನಡಾದಲ್ಲಿದ್ದಾಳೆಂದು ಕೇಳಿದ್ದೇನೆ. ಅಂಥವರು ಬಹಳ. ಇಂದು ವಸಾಹತಿನಲ್ಲಿ ಬೀಗ ಹಾಕಿದ ಮನೆಗಳೂ, ಮುದುಕರಷ್ಟೇ ಉಳಿದ ಮನೆಗಳೂ ಕಣ್ಣಿಗೆ ಬೀಳುತ್ತವೆ.

ಬೈಲಕುಪ್ಪೆಯೊಂದೇ ಅಲ್ಲ. ರಾಯಚೂರು ಜಿಲ್ಲೆಯ ಸಿಂಧನೂರಿನ ಬಳಿ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಸೀಮೆಯಲ್ಲಿ, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳ ಆರ್.ಎಚ್. ಕ್ಯಾಂಪುಗಳಿವೆ. ಅವರಿಗೂ ಜಮೀನು ಕೊಟ್ಟೇ ನೆಲೆಗೊಳಿಸಿದರು. ಐವತ್ತಕ್ಕೂ ಹೆಚ್ಚು ವರ್ಷ ಕಳೆದರೂ ಊರಿನ ಹೆಸರು ಕ್ಯಾಂಪೇ. ಅಲ್ಲಿನ ಕೆಲವರ ಕೈಗೆ ಪೌರತ್ವದ ಪತ್ರ ಬಂದದ್ದು 2024ರಲ್ಲಿ.

ಪದಗಳ ವಿಷಯ ಬಂದಿತಾಗಿ ಒಂದು ವಿಚಿತ್ರ ಹೇಳುತ್ತೇನೆ. 2021ರ ಆಗಸ್ಟ್ ತಿಂಗಳಲ್ಲಿ ಎರಡು ರಾಜ್ಯಗಳು ಹೆಸರು ಬದಲಾಯಿಸಿದವು. 1983ರಿಂದ ಶ್ರೀಲಂಕಾದ ತಮಿಳರು ಹತ್ತಡಿ ಕೋಣೆಗಳಲ್ಲಿ ಬಾಳುತ್ತಿದ್ದ 'ನಿರಾಶ್ರಿತರ ಶಿಬಿರ'ಗಳನ್ನು ಇನ್ನು ಮುಂದೆ 'ಪುನರ್ವಸತಿ ಶಿಬಿರ' ಎನ್ನಬೇಕೆಂದು ತಮಿಳುನಾಡು ಹೇಳಿತು. ಹೊಸ ಮನೆಗಳನ್ನೂ ಕಟ್ಟಿಸತೊಡಗಿತು. ಅದೇ ತಿಂಗಳು ಅಸ್ಸಾಂ, ವಿದೇಶಿಯರೆಂದು ತೀರ್ಮಾನವಾದವರನ್ನು ಕೂಡಿಹಾಕುವ 'ಡಿಟೆನ್ಷನ್ ಸೆಂಟರ್'ಗಳಿಗೆ 'ಟ್ರಾನ್ಸಿಟ್ ಕ್ಯಾಂಪ್' ಎಂದು ಹೆಸರಿಟ್ಟಿತು. 1959ರ ಮಿಸಾಮಾರಿಯ ಅದೇ ಪದ! ಆಗ ಇವು ಇದ್ದದ್ದು ಜಿಲ್ಲಾ ಕಾರಾಗೃಹಗಳ ಒಳಗೆ. ಆ ಕಾರಾಗೃಹಗಳಲ್ಲಿ ತೇಜ್‌ಪುರದ್ದೂ ಒಂದು. 2023ರಲ್ಲಿ ಗೋಲ್‌ಪಾರಾ ಜಿಲ್ಲೆಯ ಮಾಟಿಯಾದಲ್ಲಿ 3,000 ಮಂದಿ ಹಿಡಿಸುವ ಪ್ರತ್ಯೇಕ ಆವರಣ ತೆರೆದರು. ಮಿಸಾಮಾರಿಯಿಂದ ಬೈಲಕುಪ್ಪೆಗೆ ದಾರಿಯಿತ್ತು. ಮಾಟಿಯಾದಲ್ಲಿರುವ ಎಷ್ಟೋ ಮಂದಿ ತಾವು ಇಲ್ಲಿಯವರೇ ಎಂದು ಹೇಳುವವರು, ಅವರನ್ನು ತನ್ನವರೆಂದು ಒಪ್ಪಿಕೊಳ್ಳುವ ಬೇರೆ ದೇಶವಿಲ್ಲ. ಅವರು ಎಲ್ಲಿಗೆ ಹಾದುಹೋಗಬೇಕು?

ನಮ್ಮ ರಾಜ್ಯವೂ ಹೊರತಲ್ಲ. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ, ನೆಲಮಂಗಲ ತಾಲ್ಲೂಕಿನ ಸೊಂಡೆಕೊಪ್ಪದಲ್ಲಿ, ಕಾಗದಪತ್ರವಿಲ್ಲದ, ವೀಸಾ ಅವಧಿ ಮೀರಿದ ವಿದೇಶಿಯರನ್ನು ಇರಿಸಲು 2019ರಲ್ಲಿ ಒಂದು ಕಟ್ಟಡ ಸಿದ್ಧಪಡಿಸಿದರು. ಕೆಲವು ಕೋಣೆಗಳು, ಎತ್ತರದ ಗೋಡೆ, ಗೋಡೆಯ ಮೇಲೆ ಮುಳ್ಳುತಂತಿ, ಮೂಲೆಗಳಲ್ಲಿ ಕಾವಲು ಗೋಪುರ. ಕಾನೂನು ಮೀರಿ ಉಳಿದವರನ್ನು ಹಿಂದಕ್ಕೆ ಕಳುಹಿಸುವವರೆಗೆ ಎಲ್ಲಾದರೂ ಇರಿಸಲೇಬೇಕು, ಒಪ್ಪುತ್ತೇನೆ. ನನ್ನನ್ನು ಕಲಕಿದ್ದು ಅದಲ್ಲ. ಆ ಕಟ್ಟಡ ಮೊದಲು ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯವಾಗಿತ್ತು.

ನಿಮ್ಮಲ್ಲಿ ಬಹಳ ಮಂದಿಗೆ ತಿಳಿದಿರುವಂತೆ ನಾನು ಕಾಲೇಜು ಓದಿದ್ದು ಮೈಸೂರಿನ ಒಂದು ಉಚಿತ ವಿದ್ಯಾರ್ಥಿನಿಲಯದಲ್ಲಿ. ಒಂದು ಕೋಣೆಗೆ ಆರು ಮಂದಿ, ಆರು ಟ್ರಂಕು, ಬೆಳಿಗ್ಗೆ ಎದ್ದರೆ ಸ್ನಾನಕ್ಕೆ ಸಾಲು. ಊಟ ಹೇಳಿಕೊಳ್ಳುವಂಥದ್ದಲ್ಲ. ಆದರೂ ಆ ಕೋಣೆಯಲ್ಲಿ ನಾವು ಕಾಯುತ್ತಿರಲಿಲ್ಲ, ಎಲ್ಲಿಗೋ ಹೋಗುತ್ತಿದ್ದೆವು. ಬಕ್ಸಾದಲ್ಲಿ ಸೆರೆಮನೆಯೊಂದು ಪಾಠಶಾಲೆಯಾಯಿತು. ಸೊಂಡೆಕೊಪ್ಪದ ಚಿತ್ರವನ್ನು ಪತ್ರಿಕೆಯಲ್ಲಿ ಕಂಡ ದಿನ ನಾನು ಇವಳಿಗೆ ಓದಿ ಹೇಳಿ, ಪತ್ರಿಕೆ ಮಡಿಸಿಟ್ಟುಬಿಟ್ಟೆ.

ಗಮನಿಸಬೇಕಾದ ಸಂಗತಿಯೆಂದರೆ, ಬೈಲಕುಪ್ಪೆಯ ಹೊಲಕ್ಕೂ ಸೊಂಡೆಕೊಪ್ಪದ ಗೋಡೆಗೂ ಆಧಾರವಾದ ಕಾನೂನು ಬಹುಮಟ್ಟಿಗೆ ಒಂದೇ. 1951ರ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಪ್ರತ್ಯೇಕ ಶಾಸನವೂ ಇಲ್ಲ. 1946ರ ವಿದೇಶಿಯರ ಕಾಯ್ದೆ, 2025ರಿಂದ ಅದರ ಸ್ಥಾನದಲ್ಲಿ ಬಂದಿರುವ ಹೊಸ ಕಾಯ್ದೆ, ಎರಡೂ ಸರ್ಕಾರಕ್ಕೆ ವಿಶಾಲ ಅಧಿಕಾರ ಕೊಡುತ್ತವೆ, ಅಷ್ಟೆ. ಯಾರಿಗೆ ಹೊಲ, ಯಾರಿಗೆ ಗೋಡೆ ಎಂಬುದನ್ನು ಕಾಲವೂ ರಾಜಕೀಯವೂ ತೀರ್ಮಾನಿಸುತ್ತವೆ. ಆಗ ಟಿಬೆಟ್ ಚೀನಾದ ಜೊತೆಗಿನ ಪ್ರಶ್ನೆಯಾಗಿತ್ತು, ಬಂದವರ ಮುಂದೆ ಜಗತ್ತೇ ಗೌರವಿಸುವ ಒಬ್ಬ ನಾಯಕನಿದ್ದ, ಕಡಿಯಲು ಕಾಡೂ ಇತ್ತು. ಅಂಥ ಅನುಕೂಲ ಎಲ್ಲ ನಿರಾಶ್ರಿತರಿಗೂ ಇರುವುದಿಲ್ಲ.

ಈಗ ಇಂಗ್ಲೆಂಡಿನ ಹೋಟೆಲು. ಅಲ್ಲಿ ನಿರ್ಗತಿಕರಾದ ಆಶ್ರಯಾರ್ಥಿಗಳಿಗೆ ವಸತಿ ಕೊಡಲು 1999ರ ಕಾಯ್ದೆ ಸರ್ಕಾರಕ್ಕೆ ಅಧಿಕಾರ ಕೊಡುತ್ತದೆ. ಅರ್ಜಿಗಳ ವಿಚಾರಣೆ ತಡವಾಗಿ, ಬಾಡಿಗೆ ಮನೆಗಳು ಸಾಲದೆ, 2020ರ ನಂತರ ಹೋಟೆಲುಗಳನ್ನು ಹಿಡಿದರು. 2023ರ ಸೆಪ್ಟೆಂಬರಿನಲ್ಲಿ ಹಾಗೆ ಹೋಟೆಲುಗಳಲ್ಲಿ ಇದ್ದವರು ಸುಮಾರು 56,000. ಅದೇ ವರ್ಷ ಪೋರ್ಟ್‌ಲ್ಯಾಂಡ್ ಬಂದರಿನಲ್ಲಿ 'ಬಿಬಿ ಸ್ಟಾಕ್‌ಹೋಮ್' ಎಂಬ ತೇಲುವ ದೋಣಿಮನೆಯಲ್ಲಿ 500 ಗಂಡಸರನ್ನು ಇರಿಸಲು ಹೊರಟರು. ಆಗಸ್ಟಿನಲ್ಲಿ ಮೊದಲ ತಂಡ ಹತ್ತಿದ ಕೆಲವೇ ದಿನಗಳಲ್ಲಿ ನೀರಿನಲ್ಲಿ ರೋಗಾಣು ಸಿಕ್ಕಿ ಎಲ್ಲರನ್ನೂ ಇಳಿಸಿದರು, ಅಕ್ಟೋಬರಿನಲ್ಲಿ ಮತ್ತೆ ಹತ್ತಿಸಿದರು, 2024ರ ನವೆಂಬರಿನಲ್ಲಿ ಖಾಲಿ ಮಾಡಿದರು. ಹೋಟೆಲೆಂದರೆ ಸುಖವೆಂದು ಹೊರಗೆ ಕೂಗುವವರು ತಿಳಿದಿದ್ದಾರೆ. ಒಳಗಿನವರಿಗೆ ಅಡುಗೆ ಮಾಡಿಕೊಳ್ಳಲು ಒಲೆಯಿಲ್ಲ, ಕೈಗೆ ಸಿಕ್ಕುವುದು ವಾರಕ್ಕೆ ಕೆಲವೇ ಪೌಂಡು, ಅರ್ಜಿ ಹಾಕಿ ಒಂದು ವರ್ಷ ತುಂಬುವವರೆಗೆ ಕೆಲಸ ಕೇಳುವ ಹಾಗಿಲ್ಲ, ತುಂಬಿದ ಮೇಲೂ ಎಲ್ಲ ಕೆಲಸಕ್ಕೂ ಅಲ್ಲ. ಬೈಲಕುಪ್ಪೆಯವರಿಗೆ ಸಿಕ್ಕಿದ ವಸತಿ ಇದಕ್ಕಿಂತ ಎಷ್ಟೋ ಕೆಳಮಟ್ಟದ್ದು; ಗುಡಾರದೊಳಗೆ ಮಳೆ, ಹೊರಗೆ ಆನೆ. ಆದರೆ ಅವರ ಕೈಗೆ ಮೊದಲ ದಿನವೇ ಕೊಡಲಿ ಕೊಟ್ಟರು. ಊರಿನವರು ಅವರನ್ನು ಬೆವರು ಸುರಿಸುವವರಾಗಿ ಕಂಡರು, ಆಮೇಲೆ ಗಿರಾಕಿಗಳಾಗಿ, ಆಮೇಲೆ ನೆರೆಯವರಾಗಿ. ಹೋಟೆಲಿನ ಕಿಟಕಿಯ ಹಿಂದೆ ತಿಂಗಳುಗಟ್ಟಲೆ ನಿಂತವನನ್ನು ಊರು ಯಾವ ರೀತಿಯಲ್ಲಿ ಪರಿಚಯ ಮಾಡಿಕೊಳ್ಳಬೇಕು?

ಇಷ್ಟನ್ನು ನಾನು ಅವನಿಗೆ ಮೊನ್ನೆ ಮತ್ತೆ ದೂರವಾಣಿಯಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ತಂದೆಯ ದರಖಾಸ್ತು ಕೊನೆಗೂ ಮಂಜೂರಾಗಲಿಲ್ಲವೆಂಬುದನ್ನು ನೆನಪಿಸಿದ. ನಾನು ಮರೆತಿರಲಿಲ್ಲ, ಮೇಲೆ ಹೇಳಿದ ರೈತ ಅವನ ಅಣ್ಣನೇ. ಆಮೇಲೆ, ಅಲ್ಲಿನ ಗ್ರಂಥಾಲಯದಲ್ಲಿ ಬುಧವಾರ ಸಂಜೆ ಆ ಹೋಟೆಲಿನವರಿಗೆ ಇಂಗ್ಲಿಷ್ ಹೇಳಿಕೊಡುವ ತರಗತಿ ಇದೆಯಂತೆ, ಹೇಳಿಕೊಡುವವರು ಸಾಲದಂತೆ ಎಂದ. ಹೋಗುತ್ತೀಯಾ ಎಂದು ನಾನು ಕೇಳಲಿಲ್ಲ. ಅವನು ಕೇಳಿದ: "ಮೇಷ್ಟ್ರೇ, ಅಕ್ಷರವೇ ಬಾರದ ದೊಡ್ಡವರಿಗೆ ಮೊದಲ ದಿನ ಏನು ಹೇಳಿಕೊಡಬೇಕು?"

ಅವರವರ ಹೆಸರು, ಊರಿನ ಹೆಸರು ಬರೆಯುವುದನ್ನು, ಎಂದೆ. ಊರಿನ ಹೆಸರನ್ನು ಮೂರು ಸಲ ಕೇಳಿಯಾದರೂ ಸರಿಯಾಗಿ ಬರೆಸು ಎಂದೆ.